ಎಲೆಯಲ್ಲಿ ಉಳಿದ ಅರ್ಧ ಹೋಳಿಗೆ

"ಸಾವಿರ ಬೊಂಬೆ ನಿಲ್ಲಿಸಿದ್ದೇನೆ ಪ್ರಭು. ನಮ್ಮ ದಂಡು ಕಂಡ ಕೂಡಲೇ ಶತ್ರು ಕಾಲಿಗೆ ಬುದ್ಧಿ ಹೇಳುತ್ತಾನೆ," ಎಂದು ದಳವಾಯಿ ಹಂಪಣ್ಣ ಮೀಸೆ ತಿರುವಿದ.

ಕೆಂಗಲ್ಲುದುರ್ಗದ ಪಾಳೆಯಗಾರ ದೊಡ್ಡಮಲ್ಲನಾಯಕ ಕೋಟೆಗೋಡೆಯತ್ತ ನೋಡಿದ. ರುಮಾಲು ಸುತ್ತಿದ ಹುಲ್ಲಿನ ಸೈನಿಕರು ಸಾಲಾಗಿ ನಿಂತಿದ್ದರು. ಅವರ ತಲೆಯ ಮೇಲೆ ಕಾಗೆಗಳು ಆರಾಮವಾಗಿ ಕೂತಿದ್ದವು. ಕೆಳಗೆ ಮುತ್ತಿಗೆ ಹಾಕಿದ್ದ ಬಿಳಿಗೋಡಿನವರು ಬಿದ್ದು ಬಿದ್ದು ನಗುತ್ತಿದ್ದರು.

"ಅವರಿಗೇನು ಅವಸರ? ಕಣಜ ಬರಿದಾದರೆ ನಾವೇ ಬಾಗಿಲು ತೆಗೆಯುತ್ತೇವೆ," ಎಂದು ನಾಯಕ ನಿಟ್ಟುಸಿರುಬಿಟ್ಟ. "ಏನು ಉಳಿದಿದೆ ಚೆಲುವಯ್ಯ?"

"ನಾಲ್ಕಾರು ದಿನದ ಗಂಜಿಗೆ ಸಾಕು ಪ್ರಭು," ಎಂದ ವಿದೂಷಕ ಚೆಲುವಯ್ಯ. "ಅದನ್ನೆಲ್ಲ ನನಗೆ ಕೊಡಿ. ಹೋಳಿಗೆ ಮಾಡಿಸುತ್ತೇನೆ."

"ತಲೆ ಕೆಟ್ಟಿದೆಯೇನಯ್ಯಾ?"

"ಹೇಗೂ ಸೋಲುವುದಾದರೆ ಸಿಹಿ ಉಂಡು ಸೋಲೋಣ."

ಮರುದಿನ ಮಧ್ಯಾಹ್ನ ಕೋಟೆಯ ಮೇಲಿನಿಂದ ಎಂಜಲೆಲೆಗಳು ರಾಶಿರಾಶಿಯಾಗಿ ಬಿದ್ದವು. ಬಿಳಿಗೋಡಿನ ಪಾಳೆಯಗಾರ ತಾನೇ ಬಂದು ಕೋಲಿನಿಂದ ಕೆದಕಿದ. ಎಲೆಯೆಲೆಯಲ್ಲೂ ಅರ್ಧ ಹೋಳಿಗೆ.

ಅವನ ಮುಖ ಇಳಿಯಿತು. "ನಮ್ಮವರು ಇಲ್ಲಿ ಅಂಬಲಿ ಕುಡಿಯುತ್ತಿದ್ದಾರೆ. ಅಲ್ಲಿ ಉಣ್ಣುವವರು ಸಾಕು ಸಾಕೆಂದರೂ ಬಿಡದೆ ಬಲವಂತ ಮಾಡಿ ಬಡಿಸಿದ್ದಾರೆ. ಅದೂ ಇಷ್ಟೊಂದು ಜನಕ್ಕೆ. ಬೊಂಬೆ ತೋರಿಸಿ, ನಿಜವಾದ ದಂಡನ್ನು ಒಳಗೆ ಬಚ್ಚಿಟ್ಟಿದ್ದಾರಲ್ಲಯ್ಯಾ."

ಸಂಜೆಯೊಳಗೆ ರಾಗಿಮೂಟೆಗಳನ್ನೂ ಬಿಟ್ಟು ಪಾಳೆಯ ಕಿತ್ತ.

"ನೋಡಿದಿರಾ ಪ್ರಭು, ನನ್ನ ಬೊಂಬೆಗಳ ಪ್ರತಾಪ? ಬಹುಮಾನ ನನಗೇ ಸಲ್ಲಬೇಕು," ಎಂದು ಹಂಪಣ್ಣ ಎದೆಯುಬ್ಬಿಸಿದ.

ನಾಯಕ ಚೆಲುವಯ್ಯನನ್ನು ಕೇಳಿದ: "ಹಸಿದ ನಮ್ಮವರು ಅರ್ಧ ಹೋಳಿಗೆ ಬಿಟ್ಟು ಎದ್ದದ್ದಾದರೂ ಹೇಗೆ?"

"ಅವರು ಎಲೆ ನೆಕ್ಕಿ ಎದ್ದರು ಪ್ರಭು. ಅವರ ಪಾಲು ಕೊಟ್ಟು, ಉಳಿದದ್ದನ್ನು ಮುರಿದು ದಳವಾಯಿಗಳ ಬೊಂಬೆಗಳಿಗೆ ಬಡಿಸಿದೆ. ಒಬ್ಬನೂ ಮುಟ್ಟಲಿಲ್ಲ. ಆ ಎಲೆಗಳನ್ನಷ್ಟೇ ಕೆಳಗೆ ಎಸೆಸಿದೆ. ಗೆದ್ದದ್ದು ದಳವಾಯಿಗಳ ದಂಡೇ, ಅನುಮಾನವಿಲ್ಲ."

"ಹಾಗಾದರೆ ಅವರಿಗೆ ಏನು ಕೊಡೋಣ?"

"ಇವತ್ತು ಔತಣ ಇಡಿಸಿ ಪ್ರಭು. ಅವರ ದಂಡು ಎಷ್ಟು ಉಂಡಿತೋ, ಅಷ್ಟನ್ನೇ ಅವರಿಗೂ ಬಡಿಸಿ."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕು ಒಪ್ಪಿದ. ಅಂದು ಹಂಪಣ್ಣನನ್ನು ಮೊದಲ ಸಾಲಿನಲ್ಲೇ ಕೂರಿಸಿದರು. ಎಲೆ ಹಾಕಿದರು, ನೀರು ಚಿಮುಕಿಸಿದರು. ಬಡಿಸುವವರು ಕೈಮುಗಿದು ಮುಂದಕ್ಕೆ ಹೋದರು.