ಒಲೆಯ ನಾಲಿಗೆ

“ಗುರುಗಳೇ, ಸದಾ ಗೊಣಗುವವನ ಬಾಯಿ ಮುಚ್ಚಿಸುವುದು ಪುಣ್ಯವೋ, ಪಾಪವೋ?”

ಕೇಳಿದವನು ಮರುಳಯ್ಯ, ಮಠದ ಹಿರಿಯ ಶಿಷ್ಯ. ಮಧ್ಯಾಹ್ನದ ಪಂಕ್ತಿ ಆಗಷ್ಟೇ ಎದ್ದಿತ್ತು. ಪಂಕ್ತಿಯ ಉಸ್ತುವಾರಿ ಅವನದು.

“ಯಾರ ಬಾಯಿ ಮುಚ್ಚಿಸಿದೆ?” ಎಂದರು ಗುರುಗಳು.

“ಸಂಕಣ್ಣನದು. ದೂರದ ಊರಿನಿಂದ ಬಂದವನು, ಇಲ್ಲಿ ಅವನಿಗೆ ಒಂದೂ ಸರಿಯಿಲ್ಲ. ಬಾವಿಯ ಹಗ್ಗ ಸವೆದಿದೆ ಎನ್ನುತ್ತಾನೆ. ಸಾರಿಗೆ ಉಪ್ಪು ಹೆಚ್ಚು ಎನ್ನುತ್ತಾನೆ. ತನಗೆ ಕೊಟ್ಟ ಹಿಂದಿನ ಕೋಣೆಯ ಗೋಡೆ ತೇವ, ಅಲ್ಲಿ ಮಲಗಿದರೆ ಚಳಿಜ್ವರ ಬರುತ್ತದೆ ಎನ್ನುತ್ತಾನೆ. ಮೊನ್ನೆ ಎಲ್ಲರೆದುರು ಹೇಳಿದೆ: ‘ಮಠಕ್ಕೆ ಬಂದಿದ್ದೀಯೋ, ಮಾವನ ಮನೆಗೆ ಬಂದಿದ್ದೀಯೋ? ಇನ್ನೊಂದು ಮಾತು ಬಂದರೆ ಗಂಟು ಕಟ್ಟು.’ ಅಂದಿನಿಂದ ಸುಮ್ಮನಾಗಿದ್ದಾನೆ. ಇಂದು ಪಂಕ್ತಿಯಲ್ಲಿ ಎಲೆಗೆ ಮಜ್ಜಿಗೆ ಬೀಳುವ ಸದ್ದು ಕೂಡ ಕೇಳಿಸಿತು. ಅಂಥ ಶಾಂತಿ. ಇದು ಒಳ್ಳೆಯದಲ್ಲವೇ?”

ಗುರುಗಳು ಕೂರಲು ಹೇಳಿದರು. ಮರುಳಯ್ಯ ಕೂತ.

“ಒಬ್ಬ ವ್ಯಾಪಾರಿ ಇದ್ದ” ಎಂದು ಗುರುಗಳು ಶುರುಮಾಡಿದರು.

ಅವನು ಬಯಲು ಸೀಮೆಯವನು. ಉಣ್ಣೆಯ ವ್ಯಾಪಾರಕ್ಕೆಂದು ಬೆಟ್ಟದ ನಾಡಿಗೆ ಹೋಗಿ ಅಲ್ಲೇ ನಿಂತ. ಹೆಂಡತಿಯನ್ನೂ ಮುದಿ ತಾಯಿಯನ್ನೂ ಕರೆಸಿಕೊಂಡ. ಆ ನಾಡಿನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ದಾರಿಗಳು ಮುಚ್ಚುತ್ತವೆ. ಬೆಂಕಿಯಿಲ್ಲದ ಮನೆಯಲ್ಲಿ ಮನುಷ್ಯ ಉಳಿಯುವುದಿಲ್ಲ. ಅದಕ್ಕೆ ಅಲ್ಲಿನವರು ಮನೆಯ ಕೆಳಗೆ ನೆಲಮಾಳಿಗೆ ತೋಡಿ, ಅದರಲ್ಲಿ ಇಟ್ಟಿಗೆಯ ದೊಡ್ಡ ಒಲೆ ಕಟ್ಟುತ್ತಾರೆ. ಒಲೆಯಲ್ಲಿ ಇದ್ದಿಲು ಉರಿಯುತ್ತದೆ. ಬಿಸಿ ಗಾಳಿ ತಗಡಿನ ಕೊಳವೆಗಳಲ್ಲಿ ಹರಿದು, ಪ್ರತಿ ಕೋಣೆಯ ನೆಲದಲ್ಲಿರುವ ಕಿಂಡಿಯಿಂದ ಮೇಲೆ ಬರುತ್ತದೆ. ಹೊಗೆಯ ದಾರಿ ಬೇರೆ. ಅದು ಹೊಗೆಗೂಡಿನ ಮೂಲಕ ಸೂರಿನಾಚೆ ಹೋಗುತ್ತದೆ.

ಮನೆ ಮಾರಿದ ಮುದುಕ ಬೀಗದ ಕೈ ಕೊಡುವಾಗ ಒಂದು ಮಾತು ಹೇಳಿದ. “ಸ್ವಾಮಿ, ಈ ಒಲೆಗೆ ನಾಲಿಗೆ ಇದೆ. ಅದು ಬಡಿದುಕೊಂಡರೆ ಮೊದಲು ಸೂರು ಹತ್ತಿ.”

ವ್ಯಾಪಾರಿ ತಲೆಯಾಡಿಸಿದ. ಬೆಟ್ಟದವರ ಮಾತು ಅವನಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.

ಚಳಿ ಶುರುವಾಯಿತು. ಒಲೆ ಹೊತ್ತಿಸಿದ ದಿನವೇ ಗೋಡೆಯೊಳಗೆ ಟಣ್ ಎಂದಿತು. ಹೆಂಡತಿ ಬೆಚ್ಚಿಬಿದ್ದಳು. ವ್ಯಾಪಾರಿ ಕೊಳವೆಯ ಉದ್ದಕ್ಕೂ ಕಿವಿಯಿಟ್ಟು ಕೇಳಿದ. ತಗಡು ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಸದ್ದು ಅದರದು. ಇದಕ್ಕೆ ಮದ್ದು ಬೇಡ ಎಂದು ಬಿಟ್ಟುಬಿಟ್ಟ. ಕೆಲವು ದಿನ ಕಳೆದ ಮೇಲೆ, ಬೆಂಕಿ ಹಚ್ಚಿದಾಗಲೆಲ್ಲ ಒಲೆ ದಬ್ ಎನ್ನತೊಡಗಿತು. ಬೂದಿ ಕಟ್ಟಿ ಕೆಳಗಿನ ಜಾಲರಿ ಮುಚ್ಚಿಹೋಗಿತ್ತು. ಕೆದಕಿ ತೆಗೆದ. ಸದ್ದು ಹೋಯಿತು. ಆಮೇಲೆ ಗಾಳಿಯೂದುವ ತಿದಿ ಕಿರುಗುಟ್ಟಿತು. ಅದರ ಕೀಲಿಗೆ ಎಣ್ಣೆ ಬಿಟ್ಟ. ಅದೂ ನಿಂತಿತು.

ಅವನು ಮಾಡಿದ್ದೆಲ್ಲ ಸರಿಯಾಗಿತ್ತು. ಕೆಡುಕು ಹುಟ್ಟಿದ್ದು ಅಲ್ಲಿಯೇ. ಈ ಒಲೆಯನ್ನು ತಾನು ಬಲ್ಲೆ ಎಂದುಕೊಂಡ.

ಆ ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಕೋಣೆ ಒಲೆಯ ನೇರ ಮೇಲಿನದು. ಅದನ್ನು ಮಗ ತಾಯಿಗೆ ಕೊಟ್ಟಿದ್ದ. ಪ್ರೀತಿಯಿಂದಲೇ ಕೊಟ್ಟಿದ್ದ.

ಹಿಮ ಜೋರಾಯಿತು. ಒಂದು ಬೆಳಿಗ್ಗೆ ಕೆಳಗಿನಿಂದ ಪಟಪಟ ಎಂಬ ಸದ್ದು ಬಂತು. ಮುದುಕಿ ಎದ್ದು ಕೂತಳು. ಅವಳ ಊರಿನಲ್ಲಿ ಒಲೆ ಸದ್ದು ಮಾಡಿದರೆ ಒಲೆ ನಗುತ್ತಿದೆ ಎನ್ನುತ್ತಾರೆ. ಒಲೆ ನಕ್ಕರೆ ಮನೆಗೆ ನೆಂಟರು ಬರುತ್ತಾರೆ ಎನ್ನುತ್ತಾರೆ.

“ಒಲೆ ನಗುತ್ತಿದೆ ಕಣೇ” ಎಂದು ಸೊಸೆಗೆ ಹೇಳಿದಳು. “ಒಂದು ಪಾವು ಅಕ್ಕಿ ಜಾಸ್ತಿ ಹಾಕು.”

“ಯಾರು ಬರುತ್ತಾರೆ ಅತ್ತೆ? ಈ ಹಿಮದಲ್ಲಿ ಕಾಗೆ ಕೂಡ ದಾರಿ ಕಾಣದು.”

“ನೀನು ಹಾಕು. ಒಲೆ ಸುಮ್ಮನೆ ನಗುವುದಿಲ್ಲ.”

ಸೊಸೆ ಹಾಕಿದಳು. ಯಾರೂ ಬರಲಿಲ್ಲ. ಮರುದಿನ ಎಲ್ಲರೂ ತಂಗಳು ಉಂಡರು. ಒಲೆ ಮತ್ತೆ ನಕ್ಕಿತು. ಮುದುಕಿ ಮತ್ತೆ ಬಾಗಿಲ ಕಡೆ ನೋಡುತ್ತ ಕೂತಳು. ಯಾರೂ ಬರಲಾರರು ಎಂಬುದು ಅವಳಿಗೂ ಗೊತ್ತಿತ್ತು.

ಅಕ್ಕಪಕ್ಕದ ಮನೆಗಳವರು ಉದ್ದದ ಗಳು ಹಿಡಿದು ಸೂರು ಹತ್ತುತ್ತಿದ್ದರು. ಮುದುಕಿ ಕಿಟಕಿಯಿಂದ ನೋಡಿ ನಕ್ಕಳು. “ನಾವು ಅಂಗಳ ಗುಡಿಸಿದರೆ ಇವರು ಸೂರು ಗುಡಿಸುತ್ತಾರಲ್ಲೋ! ಮೇಲೆ ರಂಗೋಲಿಯನ್ನೂ ಇಡುತ್ತಾರೇನು, ನೋಡು.” ವ್ಯಾಪಾರಿಯೂ ನಕ್ಕ. ಸೂರು ಕುಸಿಯದಿರಲೆಂದು ಅವರು ಹಿಮ ತಳ್ಳುತ್ತಿದ್ದಾರೆ ಎಂದು ತಿಳಿದ. ಅವನ ಮನೆಯ ಸೂರು ಕಡಿದಾಗಿತ್ತು. ಹಿಮ ತಾನಾಗಿ ಜಾರಿ ಬೀಳುತ್ತಿತ್ತು. ಹತ್ತುವ ಕಷ್ಟ ತನಗಿಲ್ಲ ಎಂದುಕೊಂಡ.

ಸೂರಿನ ಹಿಮ ಜಾರಿತು. ಹೊಗೆಗೂಡಿನ ಬಾಯಲ್ಲಿ ಕೂತ ಹಿಮ ಜಾರಲಿಲ್ಲ. ಕೆಳಗಿನ ಬಿಸಿಗೆ ಕರಗಿ, ಮೇಲಿನ ಚಳಿಗೆ ಕಲ್ಲಾಗಿ, ಆ ಬಾಯಿ ದಿನದಿಂದ ದಿನಕ್ಕೆ ಕಿರಿದಾಗುತ್ತ ಬಂತು.

ಮುದುಕಿ ಈಗ ನೆಂಟರ ಮಾತು ಬಿಟ್ಟಳು. “ಮಗಾ, ತಲೆ ಭಾರ” ಎಂದಳು. “ಚಳಿಗೆ ಹಾಗಾಗುತ್ತದೆ ಅವ್ವಾ, ಕಿಟಕಿ ಮುಚ್ಚಿಕೊಂಡು ಮಲಗು” ಎಂದ ಮಗ. “ಮಗಾ, ಹೊಟ್ಟೆ ತೊಳೆಸುತ್ತದೆ” ಎಂದಳು. “ತಂಗಳು ತಿಂದರೆ ಇನ್ನೇನಾಗುತ್ತದೆ?” ಎಂದ. “ಮಗಾ, ಆ ಒಲೆ ನೋಡೋ, ಅದರ ನಗು ಸರಿಯಿಲ್ಲ” ಎಂದಳು. ಅವನು ಕಿಂಡಿಯ ಬಳಿ ಬಗ್ಗಿ ಮೂಸಿ ನೋಡಿದ. ಹೊಗೆಯಿರಲಿಲ್ಲ. ಹೊರಗೆ ಹೋಗಲಾರದೆ ಕೊಳವೆಗೆ ನುಗ್ಗಿದ ಇದ್ದಿಲಿನ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ.

ಕೆಳಗೆ ಪಟಪಟ, ಮೇಲೆ ಮಗಾ ಮಗಾ. ಅವನಿಗೆ ತಾಳ್ಮೆ ಕೆಟ್ಟಿತು. ಒಂದು ಸಂಜೆ ನೆಲಮಾಳಿಗೆಗೆ ಇಳಿದು ಆ ಸದ್ದಿನ ಮೂಲ ಹುಡುಕಿದ. ಹೊಗೆಗೂಡಿನ ಕತ್ತಿನಲ್ಲಿ ಅಂಗೈಯಗಲದ ಒಂದು ತಗಡು ನೇತಾಡುತ್ತಿತ್ತು. ಅದೇ ಬಡಿದುಕೊಳ್ಳುತ್ತಿತ್ತು. ಹೊಗೆ ಸರಾಗವಾಗಿ ಮೇಲೇರುವಾಗ ಆ ತಗಡು ಅಲುಗುವುದಿಲ್ಲ. ಹೊಗೆ ತಿರುಗಿ ಕೆಳಗೆ ನೂಕಿದರೆ ಮಾತ್ರ ಬಡಿಯುತ್ತದೆ. ಮುದುಕ ನಾಲಿಗೆ ಎಂದದ್ದು ಅದನ್ನೇ. ವ್ಯಾಪಾರಿ ಕೀಲು ಸಡಿಲವಾಗಿದೆ ಎಂದುಕೊಂಡ. ಎಣ್ಣೆ ಬಿಟ್ಟ. ಇನ್ನೂ ಜೋರಾಗಿ ಬಡಿಯಿತು. ಮೊಳೆ ಬಿಗಿದ. ನಿಲ್ಲಲಿಲ್ಲ. ಕೊನೆಗೆ ಹಳೆಯ ಕಂಬಳಿಯ ಚೂರು ಹರಿದು ತಗಡಿನ ಸಂದಿಗೆ ತುರುಕಿದ.

ಸದ್ದು ನಿಂತಿತು.

ಕೈ ಒರೆಸಿಕೊಳ್ಳುತ್ತ ಮೇಲೆ ಬಂದ. ತಾಯಿ ಬಾಗಿಲಲ್ಲಿ ನಿಂತಿದ್ದಳು.

“ಒಲೆಯ ಬಾಯಿ ಕಟ್ಟಿ ಬಂದೆ ಅವ್ವಾ. ಇನ್ನು ನಿನ್ನದೊಂದು ಬಾಕಿ.”

“ಏನೂಂದ್ರೆ, ಅವರಿಗೆ ಹಾಗನ್ನಬಹುದೇ?” ಎಂದಳು ಹೆಂಡತಿ.

“ತಮಾಷೆಗೆ ಅಂದೆ. ಅವ್ವನಿಗೆ ಗೊತ್ತಾಗುತ್ತದೆ.”

ಮುದುಕಿ ನಕ್ಕಳು. ನಗುತ್ತಲೇ ತನ್ನ ಕೋಣೆಗೆ ಹೋದಳು.

ಮರುದಿನ ಬಿಸಿಲು ಬಿತ್ತು. ಹೆಂಡತಿ ಹಿಟ್ಟು ತರಲು ಪಕ್ಕದ ಮನೆಗೆ ಹೋದಳು. ವ್ಯಾಪಾರಿ ಉಣ್ಣೆಯ ಮೂಟೆಗೆ ಒರಗಿ ಕೂತ. ಮನೆ ಬೆಚ್ಚಗಿತ್ತು. ಕೆಳಗೆ ಸದ್ದಿಲ್ಲ, ಮೇಲೆ ಸದ್ದಿಲ್ಲ. ಈ ಊರಿಗೆ ಬಂದಾಗಿನಿಂದ ಇಂಥ ಸುಖ ಕಂಡಿರಲಿಲ್ಲ ಎಂದುಕೊಂಡ. ಬಿಸಿಲು ಮುಚ್ಚಿದ ಕಿಟಕಿಯ ಗಾಜಿನಿಂದ ಒಳಗೆ ಬಂತು. ಆ ಹೊತ್ತಿಗೆ ತಾಯಿ ದಿನವೂ ಕೂಗುತ್ತಿದ್ದಳು. “ಮಗಾ, ಒಂದು ಲೋಟ ಬಿಸಿನೀರು ಕೊಡೋ.” ಇಂದು ಕೂಗಲಿಲ್ಲ. ಒಳ್ಳೆಯದಾಯಿತು, ನಿದ್ದೆ ಹತ್ತಿರಬೇಕು ಎಂದುಕೊಂಡ. ಅವನಿಗೂ ಕಣ್ಣು ಎಳೆಯುತ್ತಿತ್ತು.

ಬಿಸಿಲು ಇನ್ನಷ್ಟು ಒಳಗೆ ಸರಿಯಿತು. ಬೇಡವೆಂದರೂ ಅವನ ಕಿವಿ ಆ ಕೂಗನ್ನು ಹುಡುಕಿತು. ಕೂಗು ಬರಲಿಲ್ಲ. ಅದರ ಬದಲು ಬೇರೊಂದು ಸದ್ದು ಕೇಳಿಸಿತು. ಯಾರೋ ಓಡಿ ಬರುತ್ತಿರುವ ಹೆಜ್ಜೆಯ ಹಾಗೆ ಧಡಧಡ ಎನ್ನುತ್ತಿತ್ತು. ಬಾಗಿಲ ಕಡೆ ನೋಡಿದ. ಯಾರೂ ಇಲ್ಲ. ಸದ್ದು ತನ್ನ ಎದೆಯದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಸುಮ್ಮನೆ ಕೂತವನ ಎದೆ ಏಕೆ ಓಡಬೇಕು?

ಏಳಲು ಹೋದ. ಮೊಣಕಾಲು ಮಡಚಿಕೊಂಡಿತು. ಮತ್ತೆ ಕೂತ. ಇಷ್ಟು ಸಿಹಿಯಾದ ನಿದ್ದೆ, ಒಂದು ಗಳಿಗೆ ಮಲಗಿ ಆಮೇಲೆ ಏಳೋಣ ಅನಿಸಿತು. ಕಣ್ಣು ಮುಚ್ಚಿತು. ಮುಚ್ಚಿದ ಕಣ್ಣಿನೊಳಗೆ ಮನೆ ಮಾರಿದ ಮುದುಕನ ಮಾತು ಬಂತು. ನಾಲಿಗೆ ಬಡಿದುಕೊಂಡರೆ ಸೂರು ಹತ್ತಿ. ನಾಲಿಗೆಯನ್ನು ಕಟ್ಟಿದರೆ ಏನಾಗುತ್ತದೆಂದು ಮುದುಕ ಹೇಳಿರಲಿಲ್ಲ. ಅಂಥ ಕೆಲಸ ಯಾರಾದರೂ ಮಾಡಿಯಾರು ಎಂದು ಆ ಮುದುಕನಿಗೆ ತೋಚಿರಲಿಲ್ಲ.

ವ್ಯಾಪಾರಿ ಅಂಬೆಗಾಲಿಕ್ಕಿ ತಾಯಿಯ ಕೋಣೆಗೆ ಹೋದ.

ಬಾಗಿಲು ತೆರೆಯಲಿಲ್ಲ. ಚಿಲಕ ಹಾಕಿರಲಿಲ್ಲ. ಆದರೂ ತೆರೆಯಲಿಲ್ಲ. ಕೆಳಗಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. “ಅವ್ವಾ” ಎಂದ. ಉತ್ತರವಿಲ್ಲ. “ಅವ್ವಾ, ಒಂದು ಸಲ ಕೂಗು” ಎಂದ. ಭುಜ ಕೊಟ್ಟು ನೂಕಿದ. ಬಾಗಿಲು ಗೇಣು ಸರಿಯಿತು. ಮತ್ತೆ ನೂಕಿ ಒಳಗೆ ಬಿದ್ದ.

ತಾಯಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುಟ್ಟಿದ. ಮೈ ಬೆಚ್ಚಗಿತ್ತು. ಅದು ಅವಳ ಬಿಸಿಯೋ ಒಲೆಯ ಬಿಸಿಯೋ ತಿಳಿಯಲಿಲ್ಲ. ಕಿಟಕಿ ಹಿಮಕ್ಕೆ ಅಂಟಿತ್ತು. ಮಣೆ ಎತ್ತಿ ಒಡೆದ. ಕಂಬಳಿಯ ಸಮೇತ ತಾಯಿಯನ್ನು ಎಳೆಯುತ್ತ, ಬೀಳುತ್ತ, ಏಳುತ್ತ ಅಂಗಳಕ್ಕೆ ತಂದ. ಆಗಷ್ಟೇ ಮರಳಿದ ಹೆಂಡತಿ ಹಿಟ್ಟಿನ ಗಂಟು ಅಲ್ಲೇ ಬಿಟ್ಟು ಚೀರಿದಳು. ನೆರೆಯವರು ಓಡಿ ಬಂದರು. ಒಬ್ಬ ಇಳಿದು ಒಲೆ ಆರಿಸಿದ. ಇನ್ನೊಬ್ಬ ಗಳು ಹಿಡಿದು ಸೂರು ಹತ್ತಿ ಹೊಗೆಗೂಡಿನ ಬಾಯಿಗೆ ಕುಟ್ಟಿದ. ಕಲ್ಲಾದ ಹಿಮ ಒಡೆದು ಉರುಳಿತು.

ವ್ಯಾಪಾರಿ ಅದಾವುದನ್ನೂ ನೋಡಲಿಲ್ಲ. ತಾಯಿಯ ಅಂಗಾಲು ತಿಕ್ಕುತ್ತಿದ್ದ. ಸದ್ದು ಬೇಡವೆಂದವನು ಈಗ ಒಂದು ಸದ್ದಿಗಾಗಿ ಅವಳ ಬಾಯಿಗೆ ಕಿವಿಯಿಟ್ಟ. ಬಹಳ ಹೊತ್ತು ಏನೂ ಇರಲಿಲ್ಲ. ಹೆಂಡತಿ ಅಳುವುದನ್ನೂ ನಿಲ್ಲಿಸಿದಳು. ಆಮೇಲೆ ಗಂಟಲಲ್ಲಿ ಗೊರ್ ಎಂದಿತು. ಮುದುಕಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು.

ಅವಳಿಗೆ ಮಾತು ಬರುವ ಹೊತ್ತಿಗೆ ಸೊಸೆ ಬಾಗಿಲ ಸಂದಿಯಲ್ಲಿ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅದು ಮುದುಕಿಯದೇ ಸೀರೆ. ಮಡಿಸಿ ಮಡಿಸಿ ಒತ್ತಾಗಿ ತುರುಕಿದ್ದು.

“ಅವ್ವಾ” ಎಂದ ಮಗ, “ತಲೆ ಸುತ್ತಿದಾಗ ಒಂದು ಸಲ ಕೂಗಬಾರದಿತ್ತೇ? ಇದನ್ನು ಯಾಕೆ ತುರುಕಿದೆ?”

“ನರಳುತ್ತಿದ್ದೆನಲ್ಲ ಮಗಾ, ನಿನಗೆ ಕೇಳಿಸಬಾರದು ಅಂತ. ನನ್ನದೊಂದು ಬಾಕಿ ಅಂದಿದ್ದೆಯಲ್ಲ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮರುಳಯ್ಯ ಹಿಡಿದಿದ್ದ ಉಸಿರು ಬಿಟ್ಟ. “ಸದ್ಯ, ತಾಯಿ ಉಳಿದಳು. ಎಂಥ ಮೂರ್ಖ ಅವನು ಗುರುಗಳೇ! ಅಷ್ಟು ದಿನ ಬಡಿದುಕೊಂಡರೂ ತಲೆಯೆತ್ತಿ ನೋಡಲಿಲ್ಲ.”

“ಮೂರ್ಖನೇ” ಎಂದರು ಗುರುಗಳು. “ಆದರೂ ಕೂಗು ನಿಂತದ್ದು ಅವನಿಗೆ ಅದೇ ಮಧ್ಯಾಹ್ನ ಕೇಳಿಸಿತು. ಎದ್ದು ಹೋಗಿ ನೋಡಿದ.”

ಅವರು ಹಿಂದಿನ ಕೋಣೆಗಳ ಕಡೆ ಒಮ್ಮೆ ನೋಡಿದರು. ಮರುಳಯ್ಯನೂ ತಿರುಗಿ ನೋಡಿದ. ಆ ಕಡೆಯಿಂದ ಯಾವ ಸದ್ದೂ ಇರಲಿಲ್ಲ.

“ಮರುಳಯ್ಯ, ಇಂದು ಪಂಕ್ತಿಯಲ್ಲಿ ಸಂಕಣ್ಣ ಕೂತಿದ್ದನೇ?”

ಮರುಳಯ್ಯ ಪಂಕ್ತಿಯ ಎಲೆಗಳನ್ನು ಮನಸ್ಸಿನಲ್ಲೇ ಎಣಿಸಿದ. ಎದ್ದು ಹಿಂದಿನ ಕೋಣೆಯ ಕಡೆ ಓಡಿದ.