ಸರಪಳಿಯ ತುದಿ

ಆ ಬೆಳಿಗ್ಗೆಯೂ ಎಂದಿನಂತೆ ಕೆಂಜಿಗ ಇರುವೆಗಳ ಅಜ್ಜಿ ಮಾವಿನ ಮರದ ಆಸರೆ ಎಲೆಗೆ ತುತ್ತು ಹೊತ್ತು ತಂದಳು. ಗಾಯಗೊಂಡ ಇರುವೆಗಳನ್ನು ಅವಳು ಆ ಎಲೆಯ ಮೇಲಿಟ್ಟು ಸಾಕುತ್ತಿದ್ದಳು. ಅವರಲ್ಲಿ, ಹಲ್ಲಿಯ ಬಾಯಿಂದ ತಪ್ಪಿಸಿಕೊಳ್ಳುವಾಗ ಮೂರು ಕಾಲು ಕಳೆದುಕೊಂಡವಳು ತುತ್ತನ್ನು ಮುಟ್ಟಲಿಲ್ಲ.

"ಏಕಮ್ಮಾ, ರುಚಿಸಲಿಲ್ಲವೇ?"

"ರುಚಿಯಾಗಿಯೇ ಇದೆ ಅಜ್ಜಿ. ಕೂತು ತಿಂದು ಸಾಕಾಗಿದೆ. ನನ್ನನ್ನು ಗೂಡು ಕಟ್ಟುವಲ್ಲಿಗೆ ಕರೆದುಕೊಂಡು ಹೋಗಿ."

"ಬೇಡ ಮಗಳೇ, ಬಿದ್ದುಬಿಡುತ್ತೀ."

"ಇಲ್ಲಿದ್ದರೆ ಬೀಳುವುದಿಲ್ಲ, ನಿಜ. ಆದರೆ ಕುಂಟಿ ಎಂಬುದೊಂದೇ ನನ್ನ ಹೆಸರಾಗಿ ಉಳಿಯುತ್ತದೆ."

ಅಜ್ಜಿ ಬೆನ್ನು ಬಗ್ಗಿಸಿದಳು. ಅವಳನ್ನು ಹೊತ್ತು ನಡೆದಳು.

ಅಲ್ಲಿ ಎರಡು ಎಲೆಗಳ ಅಂಚನ್ನು ಕೂಡಿಸಲು ಇರುವೆಗಳು ಒಬ್ಬರ ಸೊಂಟವನ್ನೊಬ್ಬರು ಕಚ್ಚಿ ಹಿಡಿದು ಸರಪಳಿಯಾಗಿ ಚಾಚಿದ್ದರು. ಇನ್ನೂ ಒಂದು ಇರುವೆಯಷ್ಟು ಅಂತರ ಉಳಿದಿತ್ತು. ಮೋಡ ಕವಿಯುತ್ತಿತ್ತು; ಮರಿಗಳಿಗೆ ಗೂಡಿರಲಿಲ್ಲ.

"ಅಜ್ಜಿ, ಇನ್ನೊಬ್ಬಳು ಬೇಕು!" ಎಂದಳು ತುದಿಯ ಇರುವೆ.

"ಇವಳಿದ್ದಾಳೆ."

"ಕುಂಟಿಯೇ? ಇವಳು ಎಲ್ಲಿ ನಿಲ್ಲುತ್ತಾಳೆ?"

"ನೀನೇನು ನಿಂತಿದ್ದೀಯಾ? ನೇತಾಡುತ್ತಿದ್ದೀ," ಎಂದಳು ಕುಂಟಿ. "ನನ್ನ ದವಡೆ ಗಟ್ಟಿಯಾಗಿದೆ, ಸೊಂಟವೂ ಇದೆ. ಹಿಡಿ."

ತುದಿಯವಳು ಹಿಡಿದಳು. ಕುಂಟಿ ಮೈ ಚಾಚಿ ಎದುರಿನ ಎಲೆಯ ಅಂಚನ್ನು ಕಚ್ಚಿದಳು. ಎಲ್ಲರೂ ಹಿಂದಕ್ಕೆ ಎಳೆದರು; ಎಲೆಗಳು ಕೂಡಿದವು. ಮೊದಲ ಹನಿ ಬೀಳುವ ಮುನ್ನ ಮರಿಗಳ ಬಾಯಿಂದ ಬರುವ ನೂಲಿನಲ್ಲಿ ಹೊಲಿಗೆ ಮುಗಿದು ಅವು ಒಳಗಿದ್ದವು.

"ನಾಳೆ ಇದಕ್ಕಿಂತ ಅಗಲದ ಎಲೆಯಿದೆ," ಎಂದಳು ತುದಿಯವಳು. "ತಡ ಮಾಡಬೇಡ ಅಕ್ಕಾ."

ಆ ಸಂಜೆ ಅಜ್ಜಿ ತಂದ ತುತ್ತುಗಳಲ್ಲಿ ಒಂದು ಆಸರೆ ಎಲೆಯಲ್ಲಿ ಉಳಿಯಿತು; ಅದನ್ನು ತಿನ್ನಬೇಕಾದವಳು ಹೊಸ ಗೂಡಿನಲ್ಲಿದ್ದಳು.