ಇರುವೆ ನುಗ್ಗದ ಗುಡಾಣ

ಮಡಕೆಗೆ ಮುಚ್ಚಳ ಅಂತ ಒಂದಿರಬೇಕು ಅನ್ನೋದನ್ನ ಈ ಸೀಮೇಲಿ ಮೊದಲು ಕಂಡುಹಿಡಿದವರೇ ನಮ್ಮ ವಂಶದವರು. ಸುಳ್ಳು ಬಿಡು ತಮ್ಮಾ. ನಮ್ಮ ವಂಶದವರು ಮಡಕೆ ಒಡೆದಿದ್ದಾರೆ, ಮಾಡಿಲ್ಲ. ಆದರೆ ಕತೆ ನಿಜ. ನಮ್ಮಜ್ಜಿ ನನ್ನನ್ನ ಮಲಗಿಸೋಕೆ ಹೇಳ್ತಿದ್ಲು, ಅರ್ಧಕ್ಕೆ ಅವಳೇ ಮಲಗಿಬಿಡ್ತಿದ್ಲು, ಹಾಗಾಗಿ ಮಿಕ್ಕರ್ಧ ನಂದು. ನಿನ್ನ ಬಸ್ಸು ಇನ್ನೂ ತಡ. ಕಣ್ಣು ಎಳೀತಿದ್ರೆ ಎಳೀಲಿ, ಕಿವಿ ಇತ್ತ ಕೊಡು.

ಒಂದಾನೊಂದು ಕಾಲ, ಅದಕ್ಕೂ ಒಂದು ದಿನ ಹಿಂದೆ, ಹುಣಸೆಕಟ್ಟೆ ಅಂತ ಊರಿತ್ತಂತೆ. ಅಲ್ಲಿ ಕುಂಬಾರ ಸಿದ್ದಶೆಟ್ಟಿ, ಅವನ ಹಿತ್ತಲಿಗೆ ಹಿತ್ತಲು ತಾಗಿಸಿಕೊಂಡು ಬಡಗಿ ಕಾಳಾಚಾರಿ ಇದ್ರಂತೆ. ಊರಿನ ಬಿತ್ತನೆ ಬೀಜ ತುಂಬಿಡೋ ಮಣ್ಣಿನ ಗುಡಾಣ ಸಿದ್ದಶೆಟ್ಟಿ ಮಾಡಬೇಕು, ಅದರ ಬಾಯೊಳಗೆ ಬಿಗಿಯಾಗಿ ಕೂರೋ ಹಲಸಿನ ಮರದ ಮುಚ್ಚಳ ಕಾಳಾಚಾರಿ ಮಾಡಬೇಕು. ಆಮೇಲೆ ಊರ ಗೌಡ್ತಿ ಅದರೊಳಗೆ ಬೆಲ್ಲ ಹಾಕಿ, ಮುಚ್ಚಿ, ಇರುವೆ ಗೂಡಿನ ಪಕ್ಕ ಸಂಜೆವರೆಗೂ ಇಡಿಸ್ತಿದ್ಲಂತೆ. ಇರುವೆ ಹೊಗದಿದ್ರೆ ಸುಗ್ಗೀಲಿ ಎರಡು ಮನೆಗೂ ಆಯ, ಅಂದ್ರೆ ಪ್ರತಿ ಕಣದಿಂದಲೂ ಮೊರ ತುಂಬ ರಾಗಿ. ವರ್ಷದ ಹಿಟ್ಟು ಅದೇ.

ಅಪ್ಪಂದಿರ ಕಾಲದಲ್ಲಿ ಎರಡು ಮನೆಯವರೂ ಮಾತಾಡ್ಕೊಂಡೇ ಕೆಲಸ ಮಾಡ್ತಿದ್ರಂತೆ. ಇವರಿಬ್ಬರೋ, ಯಾವುದೋ ಕೋಳಿ ಯಾರದೋ ಹಿತ್ತಲಲ್ಲಿ ಮೊಟ್ಟೆ ಇಟ್ಟಿದ್ದಕ್ಕೆ ಮಾತು ಬಿಟ್ಟಿದ್ರು. ಹಾಗಾಗಿ ಸಿದ್ದಶೆಟ್ಟಿ ಹಸಿ ಗುಡಾಣದ ಬಾಯಿಗೆ ನೂಲು ಹಿಡಿದು, ಆ ನೂಲನ್ನ ಹೆಂಡ್ತಿ ಚಿಕ್ಕತಾಯಿ ಕೈಲಿ ಕಳಿಸಿದನಂತೆ. ಕಾಳಾಚಾರಿ ನೂಲಿಗೆ ಸರಿಯಾಗಿ ಮುಚ್ಚಳ ಕೆತ್ತಿದನಂತೆ. ಹಸಿ ಮಣ್ಣು ಒಣಗಿ, ಆವಿಗೆ ಬೆಂಕೀಲಿ ಬೆಂದರೆ ಕುಗ್ಗುತ್ತೆ ಅಲ್ವಾ, ಮುಚ್ಚಳ ಬಾಯೊಳಗೆ ಇಳೀಲೇ ಇಲ್ಲ. ಮೇಲೆ ಕೂತು ಗಡಗಡ ಅಂತು, ಇರುವೆ ಸಾಲುಗಟ್ಟಿ ಹೋಗಿ ಬೆಲ್ಲ ತಿಂದ್ವು.

ಎರಡನೇ ಸಲ ಇಬ್ಬರಿಗೂ ಬುದ್ಧಿ ಬಂತಂತೆ, ಅದೇ ಆಗಿದ್ದು ತಪ್ಪು. ಕುಗ್ಗುತ್ತಲ್ಲ ಅಂತ ಸಿದ್ದಶೆಟ್ಟಿ ಬಾಯಿ ಅಗಲ ಮಾಡಿದ, ನೂಲು ಮಾತ್ರ ಹೋದ ಸಲದ್ದೇ ಕಳಿಸಿದ. ಕುಗ್ಗುತ್ತಲ್ಲ ಅಂತ ಕಾಳಾಚಾರಿ ನೂಲಿಗಿಂತ ಮುಚ್ಚಳ ಕಿರಿದು ಮಾಡಿದ. ಗೌಡ್ತಿ ಮುಚ್ಚೋಕೆ ಹೋದ್ರೆ ಮುಚ್ಚಳ ದಡಕ್ಕನೆ ಒಳಗೇ ಬಿತ್ತಂತೆ. ಗೌಡ್ತಿ ಅಂದ್ಲಂತೆ, ಇನ್ನೊಂದೇ ಸಲ ನೋಡ್ತೀನಿ ಕಣ್ರಪ್ಪಾ, ಈ ಸಲವೂ ಇರುವೆ ಹೊಕ್ಕರೆ ಪೇಟೆಯಿಂದ ತಾಮ್ರದ ಹಂಡೆ ತರಿಸ್ತೀನಿ, ನಿಮಗಿಬ್ಬರಿಗೂ ಆಯ ಇಲ್ಲ.

ಆಮೇಲೆ ಕೆರೆ ಏರಿ ಮೇಲೆ ಚಿಕ್ಕತಾಯೀನೂ ಕಾಳಾಚಾರಿ ಹೆಂಡ್ತಿ ಮೋನಮ್ಮನೂ ಸಿಕ್ಕಿದ್ರಂತೆ.

ನಮ್ಮೋರು ಈ ಸಲ ಕುಗ್ಗೋದಕ್ಕೆ ಏನೂ ಸರಿಮಾಡಲ್ವಂತೆ ಕಣಕ್ಕಾ, ಆಚಾರೀನೇ ಸರಿಮಾಡ್ಕೊಳ್ಳಲಿ ಅಂತ ಕೂತವ್ರೆ, ಅಂದ್ಲಂತೆ ಚಿಕ್ಕತಾಯಿ.

ಅಯ್ಯೋ, ನಮ್ಮನೇದೂ ಅದೇ ರಾಗ ಕಣೇ, ಅಂದ್ಲಂತೆ ಮೋನಮ್ಮ. ಮಕ್ಕಳಿಗೆ ನೂಲು ಬೇಯಿಸಿ ಹಾಕೋದಾ?

ಇಬ್ಬರೂ ಗುಸುಗುಸು ಅಂದ್ಕೊಂಡ್ರು. ಆವಿಗೆಯಿಂದ ಗುಡಾಣ ತೆಗೆದ ಮಾರನೇ ದಿನ, ಸಿದ್ದಶೆಟ್ಟಿ ಮಣ್ಣು ತರೋಕೆ ಹೋದಾಗ, ಗುರುತು ಸಿಗದ ಹಾಗೆ ಅದಕ್ಕೆ ಸುಣ್ಣ ಬಳಿದು, ಬೇಲಿ ಸಂದೀಲಿ ಉರುಳಿಸಿಕೊಂಡು ಹೋದ್ರಂತೆ, ಮೋನಮ್ಮ ಒಬ್ಬಳೇ ಅದನ್ನ ಕಾಳಾಚಾರಿ ಮುಂದೆ ಇಟ್ಲಂತೆ. ಎಲ್ಲಿಂದ ಬಂತೇ ಇದು ಅಂದನಂತೆ ಕಾಳಾಚಾರಿ. ನಮ್ಮ ತವರಿಂದ ಬಂತು, ಹುಣಸೆಹಣ್ಣು ಹಾಕೋಕೆ, ಒಂದು ಮುಚ್ಚಳ ಮಾಡ್ಕೊಡಿ ಅಂದ್ಲಂತೆ ಮೋನಮ್ಮ. ತವರಿನ ಮಡಕೆ ಅಂದ್ಮೇಲೆ ಯಾವ ಗಂಡ ತಾನೆ ಕೊಂಕು ಹೇಳ್ತಾನೆ. ಒಣಗಿದ ಹಲಸಿನ ಹಲಗೆ ತಂದು, ಬಾಯಿಗೆ ಇಟ್ಟು ನೋಡಿ, ತೆಗೆದು ಕೆತ್ತಿ, ಮತ್ತೆ ಇಟ್ಟು ನೋಡಿ, ಅರ ಹಾಕಿ ಉಜ್ಜಿ ಕೂರಿಸಿದನಂತೆ. ಕೂರಿಸಿ ಗುಡಾಣದ ಹೊಟ್ಟೆ ತಟ್ಟಿ, ನೋಡೇ, ಕೆಲಸ ಅಂದ್ರೆ ಇದು, ಆ ಸಿದ್ದಶೆಟ್ಟಿಗೆ ತೋರಿಸಬೇಕು, ಅಂದನಂತೆ.

ತೋರಿಸೋಣ ಬಿಡಿ, ಅಂದ್ಲಂತೆ ಮೋನಮ್ಮ.

ಸುಣ್ಣ ತೊಳೆದು ಗುಡಾಣ ಅದರ ಮನೆಗೆ ಹೋಯ್ತು. ಕಾಳಾಚಾರಿ ನೂಲಳತೆಗೆ ಮಾಡಿಟ್ಟಿದ್ದ ಇನ್ನೊಂದು ಮುಚ್ಚಳ ಒಲೆಗೆ ಹೋಗಿ ಹುರುಳಿ ಬೇಯಿಸ್ತು.

ಗೌಡ್ತಿ ಬೆಲ್ಲ ಹಾಕಿದ್ಲಂತೆ. ಮೋನಮ್ಮ ಬುಟ್ಟಿಯಿಂದ ಬಟ್ಟೆ ಸರಿಸಿ ಮುಚ್ಚಳ ಕೊಟ್ಲಂತೆ. ಸಂಜೆವರೆಗೂ ಊರೆಲ್ಲ ಅಲ್ಲೇ ಕಾದು ಕೂತಿತ್ತು. ಇರುವೆಗಳು ಹತ್ತಿದ್ವು, ಕಂಠ ಸುತ್ತಿದ್ವು, ಬಾಯಿ ಸಿಗಲಿಲ್ಲ, ಒಂದೊಂದಾಗಿ ಇಳಿದು ಗೂಡಿಗೆ ಹೋದ್ವು. ಗೌಡ್ತಿ ಮುಚ್ಚಳ ಎತ್ತಿದ್ಲು, ಬೆಲ್ಲ ಹಾಕಿದ ಹಾಗೇ ಇತ್ತು. ಚಿಕ್ಕತಾಯಿ ಸೆರಗಲ್ಲಿ ಕುತ್ತಿಗೆ ಒರೆಸಿಕೊಂಡ್ಲಂತೆ. ಈ ವರ್ಷದ ಹಿಟ್ಟು ಉಳೀತು ಕಣಕ್ಕಾ, ಅಂದ್ಲಂತೆ.

ಕಾಳಾಚಾರಿ ಮುಚ್ಚಳ ನೋಡಿದ, ಗುಡಾಣ ನೋಡಿದ, ಹೆಂಡ್ತೀನ ನೋಡಿದ. ಮೋನಮ್ಮ ಆಕಾಶ ನೋಡ್ತಿದ್ಲಂತೆ. ಕಾಳಾಚಾರಿ ಕೆಮ್ಮಿ, ಶೆಟ್ಟೀ, ಗುಡಾಣ ಪರವಾಗಿಲ್ಲ ಕಣಯ್ಯಾ, ಅಂದನಂತೆ.

ಮುಚ್ಚಳವೂ ಪರವಾಗಿಲ್ಲ, ಅಂದನಂತೆ ಸಿದ್ದಶೆಟ್ಟಿ.

ಕೋಳಿ ಯಾರದು ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ. ಆದರೆ ಆ ವರ್ಷದಿಂದ ಗುಡಾಣ ಬೆಂದ ಮೇಲೆ ಇಬ್ಬರೂ ಸೇರಿ ಬೇಲಿ ಸಂದೀಲಿ ಉರುಳಿಸಿಕೊಂಡು ಹೋಗ್ತಿದ್ರಂತೆ, ಬೈಕೊಂಡೇ. ಸುಗ್ಗೀಲಿ ಎರಡು ಮನೇಲೂ ಮುದ್ದೆ ಬೆಂದಿತ್ತಂತೆ. ಉಂಡವರು ಉಂಡರು, ಕತೆ ಕೈ ತೊಳೀತು.

ಬಸ್ಸು ಬಂತು ನೋಡು, ಏಳು. ಹೋಗ್ತಾ ನನ್ನ ಟೀ ಕಾಸೂ ಕೊಟ್ಟು ಹೋಗು ತಮ್ಮಾ.